ಕೈಯಲ್ಲಿ ಕರಗುವ ಪಾಠ: ಚಿಕ್ಕ ಮಕ್ಕಳಿಗೆ ಬರ್ಫದ ಆಟಗಳು



ಬೇಸಿಗೆ ಬಂತೆಂದರೆ ನಮ್ಮ ಬೀದರ್ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳೂ ಇರುತ್ತವೆ. ಹನ್ನೊಂದು ಗಂಟೆಗೆಲ್ಲ ಅಂಗನವಾಡಿಯ ಗೋಡೆ ಕಾದು ಮಕ್ಕಳು ಕಿರಿಕಿರಿ ಮಾಡುತ್ತಾರೆ. ಹಾಡು ಹೇಳಿಸಿದರೂ ಬಾಯಿ ಬಿಡುವುದಿಲ್ಲ. ಅದೇ ಹೊತ್ತಿಗೆ ಓಣಿಯಲ್ಲಿ ಬರ್ಫದ ಗೋಲಾ ಗಾಡಿಯ ಗಂಟೆ ಕೇಳಿದರೆ ಸಾಕು, ಎಲ್ಲರ ಕಿವಿಯೂ ಅತ್ತಲೇ! ಮಗುವಿನ ಮನಸ್ಸು ಎಲ್ಲಿದೆಯೋ ಅಲ್ಲಿಂದ ಪಾಠ ಶುರು ಮಾಡಬೇಕು ಎಂಬುದು ಶಿಕ್ಷಣದ ಹಳೆಯ ನಿಯಮ. ಆದ್ದರಿಂದ ಈ ಸಲ ಬರ್ಫವನ್ನೇ ಪಾಠ ಮಾಡೋಣ.

ಔರಾದ ತಾಲ್ಲೂಕಿನ ಒಂದು ತರಬೇತಿಯಲ್ಲಿ ಈ ಮಾತು ಎತ್ತಿದಾಗ ಒಬ್ಬ ಕಾರ್ಯಕರ್ತೆ ತಕ್ಷಣ ಕೇಳಿದರು: "ಇವೆಲ್ಲ ಇಂಗ್ಲಿಷ್ ಸಾಲಿಯವರ ಆಟ ಅವರಿ ಸಿಸ್ಟರ್. ನಮ್ಮ ಊರಾಗ ಫ್ರಿಜ್ ಎಷ್ಟು ಮನ್ಯಾಗ ಅದಾವ್ರಿ?" ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ 'ಅಂಗನವಾಡಿ' ಎಂಬ ಹೆಸರನ್ನೇ ಸ್ವಲ್ಪ ನೆನೆಯೋಣ. ನೆರೆಯ ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಗ್ರಾಮದ ಮಕ್ಕಳಿಗಾಗಿ ಕೇಂದ್ರ ಶುರು ಮಾಡಿದರು. 1957ರಲ್ಲಿ ಅದು ಆದಿವಾಸಿಗಳು ಹೆಚ್ಚಾಗಿರುವ ಕೋಸಬಾಡಕ್ಕೆ ಹೋಯಿತು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ ಎಂದು ತಾರಾಬಾಯಿ ಮತ್ತು ಅವರ ಜೊತೆಗಾತಿ ಅನುತಾಯಿ ವಾಘ್ ಮನೆ ಮುಂದಿನ ಅಂಗಳದಲ್ಲೇ ಪಾಠ ನಡೆಸಿದರು. ಕಲ್ಲು, ಎಲೆ, ಬೀಜ, ಮಣ್ಣು ಇವೇ ಅವರ ಸಾಮಗ್ರಿ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿಗೂ ಇದೇ ಹೆಸರು ಬಂತು. ಹೀಗಾಗಿ ದುಬಾರಿ ಆಟಿಕೆ ಇಲ್ಲ ಎಂಬುದು ನಮಗೆ ನಾಚಿಕೆಯ ವಿಷಯವಲ್ಲ. ಸಂಘದ ಒಬ್ಬ ಸದಸ್ಯೆಯ ಮನೆಯಲ್ಲಿ ಫ್ರಿಜ್ ಇದ್ದು, ರಾತ್ರಿ ನಾಲ್ಕು ವಾಟಿ ನೀರು ಇಟ್ಟುಕೊಟ್ಟರೆ ಸಾಕು, ಮರುದಿನದ ಆಟ ಸಿದ್ಧ. ಫ್ರಿಜ್ ಇಲ್ಲದ ಊರಿಗೂ ಕೊನೆಯಲ್ಲಿ ಆಟಗಳನ್ನು ಕೊಟ್ಟಿದ್ದೇನೆ.

ಬರ್ಫ ಯಾಕೆ?

ಆರು ವರ್ಷದೊಳಗಿನ ಮಗು ಕಿವಿಗಿಂತ ಹೆಚ್ಚಾಗಿ ಕೈಯಿಂದ ಕಲಿಯುತ್ತದೆ. 'ಘನ', 'ದ್ರವ' ಎಂದು ಹತ್ತು ಸಲ ಹೇಳಿದರೂ ಅದಕ್ಕೆ ತಿಳಿಯುವುದಿಲ್ಲ. ಮುಷ್ಟಿಯಲ್ಲಿ ಹಿಡಿದ ಗಟ್ಟಿ ವಸ್ತು ಬೆರಳ ಸಂದಿಯಿಂದ ನೀರಾಗಿ ಇಳಿದಾಗ ಒಂದೇ ಸಲಕ್ಕೆ ತಿಳಿಯುತ್ತದೆ. ಬದಲಾವಣೆ ಅದರ ಕಣ್ಣೆದುರಿಗೇ, ಹತ್ತು ನಿಮಿಷದೊಳಗೆ ನಡೆಯುತ್ತದೆ. ಬೀಜ ಮೊಳೆಯುವುದನ್ನು ನೋಡಲು ಮೂರು ದಿನ ಕಾಯಬೇಕು, ಬರ್ಫಕ್ಕೆ ಹಾಗಿಲ್ಲ.

ಎರಡನೆಯದು ಮಾತು. ನಮ್ಮ ಭಾಗದ ಒಂದೇ ಅಂಗನವಾಡಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳು ಕೂಡಿ ಕೂಡುತ್ತಾರೆ. ಬರ್ಫ ಎಲ್ಲರಿಗೂ ಒಂದೇ. ಅದನ್ನು ಮುಟ್ಟಿದ ಮಗು ಸುಮ್ಮನಿರಲಾರದು, ತನ್ನ ಭಾಷೆಯಲ್ಲಿ ಏನಾದರೂ ಅಂದೇ ಅನ್ನುತ್ತದೆ.

ಔರಾದ ಕಡೆಯ ಒಂದು ತಾಂಡಾದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನಿದ್ದ. ತಂದೆತಾಯಿ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಗುಳೆ ಹೋಗಿ ಮರಳಿದ್ದರು. ಅಂಗನವಾಡಿಗೆ ಬಂದು ಎರಡು ತಿಂಗಳಾದರೂ ಅವನು ಒಂದು ಶಬ್ದ ಆಡಿರಲಿಲ್ಲ. ಕಾರ್ಯಕರ್ತೆ ಅವನು ಮೂಕನಿರಬೇಕೆಂದೇ ತಿಳಿದಿದ್ದರು. ಅಂದು ಅವನ ಕೈಗೂ ಒಂದು ತುಂಡು ಕೊಟ್ಟೆವು. ಮುಷ್ಟಿ ಬಿಗಿಹಿಡಿದು ಮೂಲೆಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಓಡಿಬಂದು ಖಾಲಿ ಕೈ ತೆರೆದು ತೋರಿಸಿ "ಪಾಣಿ!" ಅಂದ. ನೀರಿಗೆ ಲಂಬಾಣಿ ಮಾತು ಅದು. ಕಾರ್ಯಕರ್ತೆಯ ಕಣ್ಣು ತುಂಬಿತು. ಆ ಮಗುವಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ, ನಮ್ಮ ಮಾತು ಬರುತ್ತಿರಲಿಲ್ಲ ಅಷ್ಟೇ. (ಆದರೆ ಮನೆಯಲ್ಲೂ ಮಾತಾಡದ, ಕರೆದರೆ ತಿರುಗದ ಮಗುವನ್ನು 'ಮುಂದೆ ಸರಿಹೋಗುತ್ತದೆ' ಎಂದು ಬಿಡಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಕಿವಿ, ಮಾತು ಎರಡನ್ನೂ ಪರೀಕ್ಷೆ ಮಾಡಿಸಿ.)

ಮೊದಲು ನನ್ನ ತಪ್ಪು

ಆಟ ಹೇಳುವ ಮುಂಚೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೊದಲ ಸಲ ಈ ಆಟ ಮಾಡಿಸಿದಾಗ ನಾನು ದಾರಿಯಲ್ಲಿ ಸಿಕ್ಕ ಅಂಗಡಿಯಿಂದ ದೊಡ್ಡ ಬರ್ಫದ ಗಡ್ಡೆ ಕೊಂಡು ಗೋಣಿತಟ್ಟಿನಲ್ಲಿ ಸುತ್ತಿ ಒಯ್ದೆ. ಮುಟ್ಟುವುದಕ್ಕೆ ತಾನೇ, ಯಾವ ಬರ್ಫವಾದರೇನು ಎಂದುಕೊಂಡಿದ್ದೆ. ಮಕ್ಕಳು ಮುಟ್ಟುವುದಷ್ಟೇ ಮಾಡುತ್ತವೆಯೇ? ನೆಕ್ಕಿದವು, ಚೀಪಿದವು. ಮರುದಿನ ಐದು ಮಕ್ಕಳಿಗೆ ವಾಂತಿ ಭೇದಿ. ಸಂಘದ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ನನ್ನ ಮಗಳಿಗಿ ರಾತ್ರಿ ಆರು ಸಲ ಜುಲಾಬ ಆಗ್ಯಾದ. ನೀವು ಓದಿದವ್ರು, ನಿಮಗ ತಿಳಿಬಾರ್ದೇನ್ರಿ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಓಆರ್‌ಎಸ್ ಕುಡಿಸಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಮಕ್ಕಳು ಗುಣವಾದವು. ದೇವರ ದಯೆ. ಆದರೆ ಆ ತಾಯಿಯ ಮಾತು ಇಂದಿಗೂ ಕಿವಿಯಲ್ಲಿದೆ.

ನಾನು ಕಲಿತದ್ದು ಇಷ್ಟು: ನೀರು ಗಡ್ಡೆ ಕಟ್ಟಿದರೆ ರೋಗಾಣು ಸಾಯುವುದಿಲ್ಲ. ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ತರುವ ರೋಗಾಣುಗಳು ಬರ್ಫದಲ್ಲಿ ಸುಮ್ಮನೆ ಮಲಗಿದ್ದು, ಕರಗಿದ ಮೇಲೆ ಮತ್ತೆ ಎದ್ದೇಳುತ್ತವೆ. ಅಂಗಡಿಯ ದೊಡ್ಡ ಗಡ್ಡೆಗಳಲ್ಲಿ ಹಲವು ಮೀನು, ಹಾಲಿನ ಕ್ಯಾನು ತಣ್ಣಗಿಡಲು ಮಾಡಿದವು, ತಿನ್ನಲು ಅಲ್ಲ. ಈ ಎರಡನ್ನೂ ಜನ ಗುರುತಿಸಲಿ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ತಿನ್ನಲು ಅಲ್ಲದ ಬರ್ಫಕ್ಕೆ ನೀಲಿ ಬಣ್ಣ ಹಾಕಬೇಕೆಂದು ನಿರ್ದೇಶನ ಕೊಟ್ಟಿತು. ಆದರೂ ಬಿಳಿ ಇದೆ ಎಂದ ಮಾತ್ರಕ್ಕೆ ಶುದ್ಧ ಎಂದು ನಂಬಬೇಡಿ.

ತಪ್ಪದೆ ಪಾಲಿಸಬೇಕಾದ ನಿಯಮಗಳು

1. ಚೆನ್ನಾಗಿ ಕುದಿಸಿ ಆರಿಸಿದ ನೀರಿನಿಂದ ಮನೆಯಲ್ಲೇ ಮಾಡಿದ ಬರ್ಫ ಮಾತ್ರ ಉಪಯೋಗಿಸಿ. ಪಾತ್ರೆ, ಮಕ್ಕಳ ಕೈ ಎರಡನ್ನೂ ಸಾಬೂನಿನಿಂದ ತೊಳೆಸಿ.

2. ಫ್ರಿಜ್‌ನಿಂದ ತೆಗೆದ ಕೂಡಲೇ ಕೈಗೆ ಕೊಡಬೇಡಿ. ಅದು ಒದ್ದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಐದು ನಿಮಿಷ ಪರಾತದಲ್ಲಿ ಇಟ್ಟು, ಮೇಲೆ ನೀರು ಒಡೆದ ಮೇಲೆ ಕೊಡಿ.

3. ಚಿಕ್ಕ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಾಯಿಗೆ ಹಿಡಿಯಲಾರದಷ್ಟು ದೊಡ್ಡ ಗಡ್ಡೆಯನ್ನೇ ಕೊಡಿ. ಮೂರು ವರ್ಷದೊಳಗಿನ ಮಗು ತಾಯಿಯ ತೊಡೆಯ ಮೇಲೆ ಕೂತೇ ಆಡಲಿ.

4. ಬರ್ಫಕ್ಕೆ ಉಪ್ಪು ಬೆರೆಸಿ ಮಕ್ಕಳ ಕೈಗೆ ಕೊಡಬಾರದು. ಉಪ್ಪು ಸೇರಿದರೆ ಅದು ಸೊನ್ನೆಗಿಂತ 20 ಡಿಗ್ರಿಯಷ್ಟು ಕೆಳಗೂ ಇಳಿಯಬಲ್ಲದು, ಚರ್ಮ ಸುಟ್ಟಂತಾಗುತ್ತದೆ.

5. ಗಾಜಿನ ಬಾಟಲಿಯಲ್ಲಿ ನೀರು ಗಟ್ಟಿ ಮಾಡಬೇಡಿ. ನೀರು ಬರ್ಫವಾಗುವಾಗ ನೂರಕ್ಕೆ ಒಂಬತ್ತರಷ್ಟು ಉಬ್ಬುತ್ತದೆ, ಗಾಜು ಒಡೆಯುತ್ತದೆ. ಸ್ಟೀಲ್ ವಾಟಿ, ಗ್ಲಾಸು ಸಾಕು. ಮೇಲೆ ಎರಡು ಬೆರಳು ಖಾಲಿ ಬಿಡಿ.

6. ಆಟ ಹತ್ತು ಹದಿನೈದು ನಿಮಿಷ ಮೀರದಿರಲಿ. ಬೆರಳು ಕೆಂಪಾದರೆ, 'ನೋಯ್ತದ' ಅಂದರೆ ಕೈ ಒರೆಸಿ ಬಿಡಿಸಿ.

"ಬರ್ಫ ಮುಟ್ಟಿದ್ರ ಕೂಸಿಗಿ ಥಂಡಿ ಹತ್ತತದ್ರಿ" ಎಂದು ತಾಯಂದಿರು ಹೇಳುವುದುಂಟು. ನೆಗಡಿ ಬರುವುದು ವೈರಸ್‌ನಿಂದ, ಒಬ್ಬರಿಂದ ಒಬ್ಬರಿಗೆ ಅಂಟಿ. ಬಿಸಿಲಿನ ದಿನ ಹತ್ತು ನಿಮಿಷ ಬರ್ಫ ಮುಟ್ಟುವುದರಿಂದ ಅಲ್ಲ. ಇದನ್ನು ಸಮಾಧಾನದಿಂದ ತಿಳಿಸಿ. ಆದರೆ ಜ್ವರ, ದಮ್ಮು ಇರುವ ಮಗುವನ್ನು ಅಂದು ಬಿಡಿ. ಬೇಡವೆಂದ ತಾಯಿಯ ಮಾತಿಗೂ ಬೆಲೆ ಕೊಡಿ.

ಆಟಗಳು

ಆಟ 1: ಮುಟ್ಟು, ಹೇಳು (3 ವರ್ಷ ಮೇಲ್ಪಟ್ಟು)

ಮಕ್ಕಳನ್ನು ದುಂಡಗೆ ಕೂಡಿಸಿ. ನಡುವೆ ಪರಾತದಲ್ಲಿ ಒಂದು ಗ್ಲಾಸು ಆಕಾರದ ಬರ್ಫ ಇಡಿ. ಒಬ್ಬೊಬ್ಬರೇ ಮುಟ್ಟಲಿ. "ಹ್ಯಾಂಗದ?" ಎಂದಷ್ಟೇ ಕೇಳಿ. 'ತಣ್ಣಗ', 'ಥಂಡ', 'ಗಾರ್', 'ಚಲ್ಲಗಾ' ಏನು ಬಂದರೂ ಸರಿಯೇ. ಎಲ್ಲ ಶಬ್ದಗಳನ್ನೂ ನೀವು ಮತ್ತೆ ಗಟ್ಟಿಯಾಗಿ ಹೇಳಿ, ಇತರ ಮಕ್ಕಳಿಂದ ಹೇಳಿಸಿ. ಕನ್ನಡದ ಮಂಜುಗಡ್ಡೆ ತೆಲುಗಿನಲ್ಲಿ ಮಂಚುಗಡ್ಡ. ಉರ್ದು, ಮರಾಠಿಯವರಿಗೆ ಬರ್ಫ. ಒಂದು ಸಲ ಒಬ್ಬ ಹುಡುಗಿ ಹನಿ ಇಳಿಯುವುದನ್ನು ನೋಡಿ, "ಬರ್ಫ ಅಳ್ಳತ್ತದ ನೋಡ್ರಿ" ಅಂದಳು. 'ಅಳ್ಳತ್ತಿಲ್ಲ, ಕರಗ್ಲತ್ತದ' ಎಂದು ತಿದ್ದಲು ಹೋಗಬೇಡಿ. "ಯಾಕ ಅಳ್ಳತ್ತದ?" ಎಂದು ಕೇಳಿ. "ಬಿಸಲಿಗಿ" ಎಂದಳು ಅವಳು. ಕಾರಣ ಆಗಲೇ ಅವಳಿಗೆ ಸಿಕ್ಕಿತ್ತು!

ಆಟ 2: ಯಾವುದು ಮೊದಲು ಕರಗುತ್ತದೆ? (4 ವರ್ಷ ಮೇಲ್ಪಟ್ಟು)

ಒಂದೇ ಅಳತೆಯ ನಾಲ್ಕು ತುಂಡು ತೆಗೆದುಕೊಳ್ಳಿ. ಒಂದು ಬಿಸಿಲಿಗೆ, ಒಂದು ನೆರಳಿಗೆ, ಒಂದನ್ನು ಕಂಬಳಿಯಲ್ಲಿ ಸುತ್ತಿ, ಒಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಬ್ಬಿಯಲ್ಲಿ ತೊಗರಿ ಹೊಟ್ಟಿನ ನಡುವೆ ಹೂತಿಡಿ. ಮೊದಲೇ ಮಕ್ಕಳಿಂದ ಹೇಳಿಸಿ: ಯಾವುದು ಮುಂಚೆ ನೀರಾಗುತ್ತದೆ? ಬಹಳ ಮಕ್ಕಳು, ದೊಡ್ಡವರೂ, "ಕಂಬಳ್ಯಾಗಿಂದು" ಎನ್ನುತ್ತಾರೆ, ಕಂಬಳಿ ಬೆಚ್ಚಗಲ್ಲವೇ! ಅರ್ಧ ಗಂಟೆಗೆ ತೆರೆದು ನೋಡಿ. ಬಿಸಿಲಿನದು ಹೋಗಿರುತ್ತದೆ, ಕಂಬಳಿಯದೂ ಹೊಟ್ಟಿನದೂ ಉಳಿದಿರುತ್ತವೆ. ಕಂಬಳಿ ತಾನಾಗಿ ಶಾಖ ಕೊಡುವುದಿಲ್ಲ, ಶಾಖ ಆಚೀಚೆ ಹೋಗದಂತೆ ತಡೆಯುತ್ತದೆ. ಚಳಿಯಲ್ಲಿ ನಮ್ಮ ಮೈಶಾಖವನ್ನು ಹೊರಗೆ ಬಿಡದು, ಇಲ್ಲಿ ಹೊರಗಿನ ಬಿಸಿಯನ್ನು ಒಳಗೆ ಬಿಡದು.

ದೊಡ್ಡವರಿಗೆ ಒಂದು ಸಂಗತಿ: 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹಡಗೊಂದು ಕೆರೆಯಲ್ಲಿ ಕತ್ತರಿಸಿದ 180 ಟನ್ ಬರ್ಫ ಹೊತ್ತು ಕಲ್ಕತ್ತೆಗೆ ಹೊರಟಿತು. ಸುಮಾರು ನಾಲ್ಕು ತಿಂಗಳು ಬಿಸಿಲ ಸಮುದ್ರ ದಾಟಿ ಬಂದಾಗ 100 ಟನ್ನಿನಷ್ಟು ಉಳಿದಿತ್ತು! ಕಾಪಾಡಿದ್ದು ಇಂಥದೇ ಹೊಟ್ಟು. ಹಾಗೆ ಬಂದ ಬರ್ಫ ಇಡಲು 1842ರಲ್ಲಿ ಕಟ್ಟಿದ ಮದ್ರಾಸಿನ 'ಐಸ್ ಹೌಸ್' ಇಂದು ವಿವೇಕಾನಂದರ ಸ್ಮಾರಕವಾಗಿ ಉಳಿದಿದೆ.

ಆಟ 3: ಬರ್ಫದೊಳಗೆ ಏನದ? (4 ವರ್ಷ ಮೇಲ್ಪಟ್ಟು)

ರಾತ್ರಿ ವಾಟಿಯಲ್ಲಿ ದಾಸವಾಳ, ಚೆಂಡುಹೂವು, ಬೇವಿನ ಎಲೆ ಹಾಕಿ ಅರ್ಧ ನೀರು ತುಂಬಿ ಗಟ್ಟಿ ಮಾಡಿ, ಮೇಲೆ ಮತ್ತೆ ನೀರು ಹಾಕಿ ಗಟ್ಟಿ ಮಾಡಿ. ಒಂದೇ ಸಲಕ್ಕೆ ತುಂಬಿದರೆ ಹೂವು ಮೇಲಕ್ಕೆ ತೇಲಿಬಿಡುತ್ತದೆ. ಮಣಿ, ಹುಣಸೆಬೀಜ ಹಾಕಬೇಡಿ, ಚಿಕ್ಕವರು ನುಂಗುತ್ತಾರೆ. ಮಕ್ಕಳಿಗೆ ಒಂದು ಬೋಗುಣಿ ಮಾಮೂಲಿ ನೀರು, ಚಮಚ ಕೊಟ್ಟು, "ಹೂವಿಗಿ ಹೊರಗ ತೆಗೀರಿ" ಎನ್ನಿ. ಒಬ್ಬ ಕುಟ್ಟುತ್ತಾನೆ, ಒಬ್ಬಳು ನೀರು ಹೊಯ್ಯುತ್ತಾಳೆ, ಒಬ್ಬ ಉಸಿರು ಊದುತ್ತಾನೆ. ಯಾವ ದಾರಿ ಒಳ್ಳೆಯದು ಎಂದು ನೀವು ಹೇಳಬೇಡಿ. ಇದು ಜಗಳವಿಲ್ಲದೆ ಕೂಡಿ ಕೆಲಸ ಮಾಡುವ ಪಾಠವೂ ಹೌದು.

ಬರ್ಫಕ್ಕೆ ವಾಟಿಯ ಆಕಾರವೇ ಏಕೆ ಬಂತು ಎಂದು ಬೀದರ್ ನಗರದ ಮಕ್ಕಳು ಕೇಳಿದರೆ ಬಿದ್ರಿ ಕೆಲಸ ನೆನಪಿಸಿ. ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರಲ್ಲ, ಅದೇ ರೀತಿ. ಸತು ಕರಗಲು 420 ಡಿಗ್ರಿಯಷ್ಟು ಬೆಂಕಿ ಬೇಕು, ಬರ್ಫ ಸೊನ್ನೆ ಡಿಗ್ರಿಗೇ ಕರಗುತ್ತದೆ.

ಆಟ 4: ಬಣ್ಣದ ಬರ್ಫದ ಚಿತ್ರ (3 ವರ್ಷ ಮೇಲ್ಪಟ್ಟು)

ಅರಿಷಿಣದ ನೀರು, ಬೀಟ್‌ರೂಟ್ ನೀರು ಗಟ್ಟಿ ಮಾಡಿ. ಮಕ್ಕಳು ಅಂಗಳದ ಶಹಾಬಾದ ಕಲ್ಲಿನ ಮೇಲೆ ಗೆರೆ ಎಳೆಯಲಿ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಬಣ್ಣ ಮಾತ್ರ ನಿಲ್ಲುತ್ತದೆ. "ನೀರು ಎಲ್ಲಿ ಹೋಯ್ತು?" ಎಂದು ಕೇಳಿ ಬಿಡಿ. ಬರೆಯುವ ಬೆರಳಿಗೂ ಇದು ಒಳ್ಳೆಯ ಅಭ್ಯಾಸ. ಹಳೆಯ ಅಂಗಿ ಹಾಕಿಸಿ, ಕಲೆ ಹತ್ತುತ್ತದೆ.

ಆಟ 5: ತುಂಬಿದ ಗ್ಲಾಸು (5–6 ವರ್ಷ)

ಗ್ಲಾಸಿಗೆ ಬರ್ಫ ಹಾಕಿ ಅಂಚಿನವರೆಗೆ ನೀರು ತುಂಬಿ. ಬರ್ಫದ ತುದಿ ಮೇಲೆ ಕಾಣುತ್ತಿರುತ್ತದೆ, ಹತ್ತರಲ್ಲಿ ಒಂಬತ್ತು ಪಾಲು ಒಳಗೇ ಇರುತ್ತದೆ. ಕರಗಿದರೆ ನೀರು ಚೆಲ್ಲುತ್ತದೋ ಇಲ್ಲವೋ? ಎಲ್ಲರೂ ಚೆಲ್ಲುತ್ತದೆ ಎನ್ನುತ್ತಾರೆ. ಕಾದು ನೋಡಿ, ಚೆಲ್ಲುವುದಿಲ್ಲ. ಉಬ್ಬಿದ್ದ ಬರ್ಫ ನೀರಾಗುವಾಗ ಕುಗ್ಗಿ, ತಾನು ಮುಳುಗಿದ್ದ ಜಾಗದಷ್ಟೇ ಆಗುತ್ತದೆ. ಗ್ಲಾಸಿನ ಹೊರಗೆ ಮಾತ್ರ ಹನಿಗಳು ಮೂಡಿರಬಹುದು. "ಗ್ಲಾಸು ಸೋರ್ಲತ್ತದ" ಎಂದರೆ ಒಳಗಿನ ನೀರಿಗೆ ಅರಿಷಿಣ ಹಾಕಿ ತೋರಿಸಿ. ಹೊರಗಿನ ಹನಿಗೆ ಬಣ್ಣವಿಲ್ಲ, ಅದು ಗಾಳಿಯಲ್ಲಿದ್ದ ನೀರು.

ಆಟ ಮುಗಿದ ಮೇಲೆ ಒಂದು ಹನಿಯೂ ವ್ಯರ್ಥವಾಗಬಾರದು. ಕಾರಂಜಾ, ಮಾಂಜ್ರಾ ಬತ್ತಿದ ವರ್ಷಗಳನ್ನು ಕಂಡವರು ನಾವು. ಕರಗಿದ ನೀರನ್ನು ಮಕ್ಕಳ ಕೈಯಿಂದಲೇ ನುಗ್ಗೆಗಿಡಕ್ಕೆ ಹಾಕಿಸಿ.

ಲಸಿಕೆ ದಿನದ ಎಚ್ಚರಿಕೆ

ಬಹಳ ಮಕ್ಕಳು ಬರ್ಫವನ್ನು ಹತ್ತಿರದಿಂದ ನೋಡುವುದು ಲಸಿಕೆ ದಿನ. ನರ್ಸಮ್ಮ ತರುವ ನೀಲಿ ಡಬ್ಬಿಯೊಳಗೆ ನಾಲ್ಕು ಐಸ್‌ಪ್ಯಾಕ್ ಇರುತ್ತವೆ. ದಯವಿಟ್ಟು ಅವನ್ನು ಆಟಕ್ಕೆ ಕೇಳಬೇಡಿ, ಡಬ್ಬಿಯ ಮುಚ್ಚಳ ಸುಮ್ಮನೆ ತೆರೆಯಬೇಡಿ. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಬಿಸಿಯಾದರೆ ಪೋಲಿಯೊ ಹನಿ ಬೇಗ ಕೆಡುತ್ತದೆ. ಗಡ್ಡೆ ಕಟ್ಟಿದರೆ ಪೆಂಟಾವೇಲೆಂಟ್‌ನಂಥ ಲಸಿಕೆ ಕೆಡುತ್ತದೆ. ಅದಕ್ಕೇ ಐಸ್‌ಪ್ಯಾಕನ್ನು ಫ್ರಿಜ್‌ನಿಂದ ತೆಗೆದು, ಮೇಲೆ ಬೆವರು ಒಡೆದು, ಅಲುಗಾಡಿಸಿದರೆ ಒಳಗೆ ನೀರಿನ ಸಪ್ಪಳ ಬಂದ ಮೇಲೆಯೇ ಡಬ್ಬಿಗೆ ಹಾಕುತ್ತಾರೆ. ದೂರದಿಂದ ತೋರಿಸಿ, "ನಿನ್ನ ಔಷಧಕ್ಕ ಬಿಸಲು ಬಡೀಬಾರ್ದು ಅಂತ ಬರ್ಫದ ಮನಿ ಮಾಡ್ಯಾರ" ಎಂದು ಹೇಳಿ. ಆಟ 2 ಆಡಿದ ಮಗುವಿಗೆ ಇದು ಕೂಡಲೇ ತಿಳಿಯುತ್ತದೆ.

ಬರ್ಫ ಸಿಗದ ಊರಿನಲ್ಲಿ

ಕರೆಂಟ್ ನಿಲ್ಲದ, ಫ್ರಿಜ್ ಇಲ್ಲದ ಕಡೆ ಮಣ್ಣಿನ ಹರವಿಯೇ ನಿಮ್ಮ ಸಾಮಗ್ರಿ. ಒಂದೇ ನೀರನ್ನು ಹರವಿಯಲ್ಲೂ ಸ್ಟೀಲ್ ಕೊಡದಲ್ಲೂ ರಾತ್ರಿ ತುಂಬಿಡಿ. ಮುಂಜಾನೆ ಮಕ್ಕಳು ಎರಡಕ್ಕೂ ಕೈ ಅದ್ದದೆ, ಹೊರಗಿನಿಂದ ಮುಟ್ಟಿ ನೋಡಲಿ. ಹರವಿಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆರುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಳೆಗಾಲದ ಹಸಿ ಗಾಳಿಯಲ್ಲಿ ಅಷ್ಟು ಇಲ್ಲ. ಮಕ್ಕಳ ಒಂದು ಕೈಗೆ ಒದ್ದೆ ಅರಿವಿ ಸುತ್ತಿ ಬೀಸಣಿಗೆ ಬೀಸಿದರೂ ಅದೇ ಅನುಭವ. ಬೀದರ್ ನಗರದವರು ಮಕ್ಕಳನ್ನು ನೌಬಾದ ಕಡೆ ಕರೆದೊಯ್ದರೆ ಬಹಮನಿ ಕಾಲದ ಸುರಂಗ ಬಾವಿಯ ಕಥೆಯನ್ನೂ ಹೇಳಬಹುದು. ಭೂಮಿಯೊಳಗೆ ಹರಿಯುವ ನೀರಿಗೆ ಬಿಸಿಲು ತಾಗದು. ಆದರೆ ಅದರ ತೆರೆದ ಬಾಯಿಗಳ ಹತ್ತಿರ ಮಕ್ಕಳನ್ನು ಬಿಡಬೇಡಿ.

ಇನ್ನೊಂದು ಬರ್ಫ ಆಕಾಶದಿಂದ ಬೀಳುತ್ತದೆ: ಆಲಿಕಲ್ಲು. ಬೇಸಿಗೆ ಮಳೆಯಲ್ಲಿ ಮಕ್ಕಳು ಅದನ್ನು ಆರಿಸಲು ಓಡುತ್ತಾರೆ. ಸಿಡಿಲು, ಮಳೆ ಪೂರ್ತಿ ನಿಂತ ಮೇಲೆ ಮಾತ್ರ ಹೊರಗೆ ಬಿಡಿ, ತಿನ್ನಲು ಬಿಡಬೇಡಿ. ದೊಡ್ಡ ಕಲ್ಲನ್ನು ಒಡೆದರೆ ಉಳ್ಳಾಗಡ್ಡಿಯಂತೆ ಪದರ ಪದರ ಕಾಣುತ್ತದೆ. ಆದರೆ 2014ರ ಫೆಬ್ರವರಿ-ಮಾರ್ಚ್‌ನಲ್ಲಿ ಮರಾಠವಾಡ ಮತ್ತು ಉತ್ತರ ಕರ್ನಾಟಕಕ್ಕೆ ಬಡಿದ ಆಲಿಕಲ್ಲು ಮಳೆಯನ್ನು ರೈತರ ಮನೆಯವರು ಮರೆತಿಲ್ಲ. ಕೈಗೆ ಬಂದ ಬೆಳೆ ನೆಲಕ್ಕೆ ಮಲಗಿತು. ಮಗುವಿಗೆ ಆಟವಾದದ್ದು ತಂದೆಗೆ ಕಣ್ಣೀರಾಗಬಹುದು. ಅಂಥ ದಿನ ಮಕ್ಕಳು ಮನೆಯ ದುಃಖವನ್ನೂ ಹೊತ್ತು ಬರುತ್ತಾರೆ. ಅಂದು ಪಾಠ ಬದಿಗಿಟ್ಟು ಅವರ ಮಾತು ಕೇಳಿ.

ಕೊನೆಯದಾಗಿ

ಭಾಲ್ಕಿಯ ಆ ತಾಯಿ ಮರುವರ್ಷ ತಾನೇ ನೀರು ಕುದಿಸಿ, ತನ್ನ ಅಣ್ಣನ ಮನೆಯ ಫ್ರಿಜ್‌ನಲ್ಲಿ ಇಟ್ಟು, ಬರ್ಫವನ್ನು ಟಿಫಿನ್ ಡಬ್ಬಿಯಲ್ಲಿ ತಂದುಕೊಟ್ಟರು. "ಈ ಸಲ ನಾ ಮಾಡೀನ್ರಿ ಸಿಸ್ಟರ್, ಹೆದರಬ್ಯಾಡ್ರಿ" ಎಂದರು. ಬೈದ ಕೈಯೇ ನೆರವಿನ ಕೈಯಾಯಿತು. ಮಕ್ಕಳ ಆಟಕ್ಕೆ ಊರು ಸೇರಿಕೊಳ್ಳುವುದು ಹೀಗೆ.

ಸಂಘದ ಸಭೆಯಲ್ಲಿ ಚರ್ಚಿಸಿ

• ನಮ್ಮ ಊರಿನಲ್ಲಿ ಮಕ್ಕಳು ತಿನ್ನುವ ಗೋಲಾ, ಕುಲ್ಫಿ, ಪೆಪ್ಸಿ ಯಾವ ನೀರಿನಿಂದ ಆಗುತ್ತದೆ? ಮಾರುವವರ ಜೊತೆ ನಾವು ಮಾತಾಡಿದ್ದೇವೆಯೇ?

• ನಮ್ಮ ಅಂಗನವಾಡಿಯಲ್ಲಿ ಸುಮ್ಮನೆ ಕೂಡುವ ಮಗು ಯಾವುದು? ಅದರ ಮನೆಮಾತು ಯಾವುದು?

• ವಾರಕ್ಕೊಮ್ಮೆ ಬರ್ಫ ಕೊಡಲು ನಮ್ಮಲ್ಲಿ ಯಾರು ಮುಂದೆ ಬರುತ್ತಾರೆ?